ಬೀಗದ ಮನೆಯಲ್ಲಿ ಹೊತ್ತಿದ ದೀಪ

“ಬೇಳೆ ಬೆಂದಿತು!”

ನಾನು ಹಾಕಿದ ಕೂಗಿಗೆ ಮಂಜಲ್‌ಪುರದ ಪಾರಿವಾಳಗಳೆಲ್ಲ ಒಮ್ಮೆಲೇ ಎದ್ದು ಮಕರ್‌ಪುರದ ಕಾರ್ಖಾನೆಗಳ ಕಡೆಗೆ ಹಾರಿಹೋದವು. ನಂಬದವರು ಆ ಪಾರಿವಾಳಗಳನ್ನೇ ಕೇಳಿಕೊಳ್ಳಲಿ.

ನಾಲ್ಕನೇ ಮಹಡಿಯ ಖಾಲಿ ಅಡುಗೆಮನೆಯಲ್ಲಿ, ಕಪ್ಪು ಕಲ್ಲಿನ ಕಟ್ಟೆಯ ಮೇಲೆ, ನನ್ನ ಪುಟ್ಟ ಕರೆಂಟ್ ಕುಕ್ಕರು ಹಬೆ ಬಿಡುತ್ತ ಕೂತಿತ್ತು. ಒಂದು ತೊಗರಿಬೇಳೆಯನ್ನು ಎತ್ತಿ ಎರಡು ಬೆರಳ ನಡುವೆ ಹಿಸುಕಿದೆ. ಬೆಣ್ಣೆ! ವಡೋದರದಲ್ಲಿ ಫ್ಲ್ಯಾಟ್ ನೋಡುವವರು ಗೋಡೆ ತಟ್ಟುತ್ತಾರೆ, ದಿಕ್ಕು ಕೇಳುತ್ತಾರೆ, ಲಿಫ್ಟಿನಲ್ಲಿ ಸುಮ್ಮನೆ ಮೇಲೆ ಕೆಳಗೆ ಓಡಾಡುತ್ತಾರೆ. ಹೋಟೆಲ್ ವಾಸುದೇವ ಐತಾಳನಾದ ನಾನು ಬೇಳೆ ಬೇಯಿಸುತ್ತೇನೆ. ಬೋರ್‌ವೆಲ್ಲಿನ ಗಡಸು ನೀರಾದರೆ ಮಧ್ಯಾಹ್ನದಿಂದ ಸಂಜೆಯವರೆಗೆ ಕುದಿಸಿದರೂ ಬೇಳೆ ಬಂದೂಕಿನ ಗುಂಡಿನಂತೆಯೇ ಇರುತ್ತದೆ. ಬಿಲ್ಡರ್ ಮಹಾಶಯ ‘ಸಿಹಿನೀರು’ ಎಂದು ಬಂಗಾರದ ಅಕ್ಷರದಲ್ಲಿ ಬೋರ್ಡು ಬರೆಸಲಿ, ಬೇಳೆಗೆ ಲಂಚ ಕೊಡಲು ಅವನಿಂದಾಗದು.

“ಅಂದ್ರೆ ಪಾಸಾ ಅಂಕಲ್?” ಎಂದಳು ಮನಸ್ವಿನಿ. ಹುಡುಗಿಯ ಕಣ್ಣು ದೀಪಾವಳಿಯ ಹಾಗೆ ಹೊಳೆಯುತ್ತಿತ್ತು.

“ಪಾಸಲ್ಲ ಮಗಳೇ, ರ‍್ಯಾಂಕು! ಇಡೀ ಗುಜರಾತಿಗೇ ಮೊದಲ ರ‍್ಯಾಂಕು! ನಿನಗೋಸ್ಕರ ಸಾವಿರ ಕಟ್ಟಡ ಹತ್ತಿ ಇಳಿದಿದ್ದೇನೆ...”

“ಹನ್ನೊಂದು,” ಎಂದಳು ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಸಾವಿತ್ರಿ. “ಅದರಲ್ಲಿ ಆರಕ್ಕೆ ಲಿಫ್ಟ್ ಇತ್ತು.”

ಪತ್ತೇದಾರರಿಗೆ ಹೆಂಡತಿ ಇರಬಾರದು ಎಂದು ನಾನು ಆಗಾಗ ಹೇಳುವುದು ಇದಕ್ಕೇ.

ಹಿಂದಿನ ವಾರದಿಂದ ನನ್ನ ತಲೆ ಕೊರೆಯುತ್ತಿದ್ದ ಪ್ರಶ್ನೆ ಒಂದೇ: ಇಷ್ಟು ಚಂದದ ಮನೆಯನ್ನು ಕೊಳ್ಳಲು ಬಂದ ಇಬ್ಬರು, ಕರಾರಿಗೆ ಸಹಿ ಹಾಕುವ ಹಿಂದಿನ ದಿನ, ಕಾರಣ ಹೇಳದೆ ಓಡಿಹೋದದ್ದು ಯಾಕೆ?

ಮನೆಯಲ್ಲಿ ಹುಡುಕಿದರೂ ಒಂದು ಕುಂದಿಲ್ಲ. ಪೂರ್ವದ ಬಾಲ್ಕನಿಯ ಮುಂದೆ ಬೇವಿನ ಮರ. ಪಶ್ಚಿಮದಿಂದ ನುಗ್ಗಿದ ಗಾಳಿ ಹಾಲ್ ದಾಟಿ ಅಡುಗೆಮನೆಯಲ್ಲಿ ಬಂದು ನಿಮ್ಮ ಬೆವರು ಒರೆಸಿ ಹೋಗುತ್ತದೆ. ತಾರಸಿ ಎಷ್ಟು ವಿಶಾಲವೆಂದರೆ, ಉತ್ತರಾಯಣದ ದಿನ ಅಲ್ಲಿ ನಿಂತು ಗಾಳಿಪಟ ಬಿಟ್ಟರೆ ಅಹಮದಾಬಾದಿನವರ ಪಟ ಕತ್ತರಿಸಬಹುದು. ಹಾಲ್‌ನ ಮೇಲ್ಛಾವಣಿಯಲ್ಲಿ ತೂಗುಮಂಚಕ್ಕೆಂದು ಗಟ್ಟಿ ಕಬ್ಬಿಣದ ಕೊಂಡಿಗಳು. ಮನಸ್ವಿನಿ ಆಗಲೇ ಅವುಗಳ ಕೆಳಗೆ ನಿಂತು ಇಲ್ಲದ ಮಂಚದಲ್ಲಿ ತೂಗುವವಳಂತೆ ಹಿಂದೆ ಮುಂದೆ ಆಡಿದ್ದಳು.

ಈ ಹುಡುಗಿಗೆ ಇದು ಆಟವಲ್ಲ. ಮೈಸೂರಿನವಳು, ಇಲ್ಲಿನ ಒಂದು ಸರ್ಕಾರಿ ಕಂಪನಿಯಲ್ಲಿ ಎಂಜಿನಿಯರು. ಗಂಡ ಪ್ರಜ್ವಲನಿಗೆ ಸೂರತ್‌ಗೆ ವರ್ಗವಾಯಿತು. ಕ್ವಾರ್ಟರ್ಸು ಅವನ ಹೆಸರಿನಲ್ಲಿದ್ದುದರಿಂದ ತಿಂಗಳ ಕೊನೆಗೆ ಖಾಲಿ ಮಾಡಬೇಕು. ದುಡಿದು ಉಳಿಸಿದ್ದನ್ನೆಲ್ಲ, ಅದರ ಮೇಲೆ ತವರಿನ ಬಂಗಾರವನ್ನೂ ಈ ಮನೆಯ ಮೇಲೆ ಸುರಿಯಲು ಹೊರಟಿದ್ದಾಳೆ. ಸಂಜೆ ವಕೀಲರ ಕಚೇರಿಯಲ್ಲಿ ಬಾನಾಖತ್, ಅಂದರೆ ಕೊಳ್ಳುವ ಕರಾರು. ಪ್ರಜ್ವಲ ಸೂರತ್‌ನಿಂದ ರೈಲಿಳಿದು ಸೀದಾ ಅಲ್ಲಿಗೇ ಬರುವವನು. ಸಹಿ ಬಿತ್ತೆಂದರೆ ಬಿತ್ತು. ಮನೆ ಸರಿಯಾದರೆ ಬದುಕು, ತಪ್ಪಾದರೆ ಬೀದಿ.

“ಹಾಗಾದ್ರೆ ಹೊರಡೋಣವೇ ತಾಯಿ? ಶುಭ ಮುಹೂರ್ತ ಮೀರಬಾರದು.”

ಹಾಲ್‌ನಿಂದ ಬಂದ ಈ ಜೇನಿನಂಥ ದನಿ ರಾಘವೇಂದ್ರ ರಾಯರದು. ಸೂರತ್‌ನಲ್ಲಿ ಸೀರೆ ವ್ಯಾಪಾರ, ಮೂಲ ಶಿವಮೊಗ್ಗ, ಈ ಮನೆಯ ಯಜಮಾನರು. ತಾಯಿಯ ಜೊತೆ ಆರು ವರ್ಷ ಇಲ್ಲೇ ಬಾಳಿ, ತಾಯಿ ತೀರಿದ ಮೇಲೆ ಬೀಗ ಹಾಕಿ ಸೂರತ್ ಸೇರಿದವರು. ಬಿಳಿ ರೇಷ್ಮೆಯ ಜುಬ್ಬಾ, ಕಿವಿಯ ಮೇಲೆ ಅತ್ತರಿನ ಹತ್ತಿ. ಮೊದಲ ದಿನವೇ ಮನಸ್ವಿನಿಗೆ, “ಪರಊರಿನಲ್ಲಿ ಕನ್ನಡದವರಿಗೆ ಕನ್ನಡದವರೇ ಆಗಬೇಕಮ್ಮ, ಹೊರಗಿನವರಿಗೆ ಮಾರಲು ಮನಸ್ಸು ಒಪ್ಪೋದಿಲ್ಲ,” ಎಂದಿದ್ದರು. ಅಷ್ಟು ಸಾಕಾಗಿತ್ತು. ಗುಜರಾತಿಯವ ಮಾರಿದರೆ ನಮ್ಮವರು ಇಪ್ಪತ್ತು ಪ್ರಶ್ನೆ ಕೇಳುತ್ತಾರೆ. ಕನ್ನಡದವ ಮಾರಿದರೆ ಕಾಫಿ ಕೊಡುತ್ತಾರೆ. ನಾನೂ ಕೊಟ್ಟಿದ್ದೆ. ಎರಡು ಸಲ. ಮಸಾಲೆದೋಸೆಯ ಜೊತೆಗೆ.

“ಬಂದೆವು ರಾಯರೇ, ಒಂದೇ ನಿಮಿಷ,” ಎಂದು ಕುಕ್ಕರು ಆರಲು ಇಡಲೆಂದು ಅಡುಗೆಮನೆಯ ಮೂಲೆಗೆ ಒಯ್ದೆ.

ಆಗ ನನ್ನ ಮೂಗು ಎದ್ದು ಕೂತಿತು.

ನನ್ನ ಮೂಗನ್ನು ನಿಮ್ಮ ಮೂಗಿನಂತೆ ಎಣಿಸಬೇಡಿ. ಅಹಮದಾಬಾದಿನ ವಟ್ವಾದಲ್ಲಿ ತಂಗಿಯ ಮಗನಿಗೆ ಮನೆ ನೋಡಲು ಹೋದಾಗ, ಕಣ್ಣು ಮುಚ್ಚಿಕೊಂಡೇ “ಇವತ್ತು ಕಾರ್ಖಾನೆಯಲ್ಲಿ ನೀಲಿ ಬಣ್ಣ, ನಾಳೆ ಕೆಂಪು” ಎಂದಿದ್ದ ಮೂಗು ಇದು. ಪಕ್ಕದ ಬೀದಿಯ ಹೋಟೆಲಿನ ಚಟ್ನಿ ಮೂಸಿ, ಅದು ಕಳುವಾದ ನನ್ನ ಗ್ರೈಂಡರಿನಲ್ಲೇ ರುಬ್ಬಿದ್ದೆಂದು ಹಿಡಿದುಕೊಟ್ಟ ಮೂಗು. ಗ್ರೈಂಡರು ಕಳುವಾಗಿರಲಿಲ್ಲ, ರಿಪೇರಿಗೆ ಹೋಗಿತ್ತು ಎಂದು ಸಾವಿತ್ರಿ ಹೇಳುತ್ತಾಳೆ. ಅದು ಬೇರೆ ವಿಷಯ.

ತುಪ್ಪ. ಹಸುವಿನ ತುಪ್ಪ. ಅದೂ ಸುಟ್ಟ ತುಪ್ಪ.

ಮೂಲೆಯಲ್ಲಿ ಪಾಣಿಯಾರು ಇತ್ತು. ಗುಜರಾತಿನ ಹಳೆಯ ಪದ್ಧತಿಯ ಅಡುಗೆಮನೆಗಳಲ್ಲಿ ಕುಡಿಯುವ ನೀರಿನ ಕೊಡ ಇಡುವ ಕಟ್ಟೆ. ಮನೆಯ ಹಿರಿಯರ ಆತ್ಮ ಅಲ್ಲಿ ನೆಲೆಸಿರುತ್ತದೆಂದು ಸಂಜೆಯಾದರೆ ಅಲ್ಲೊಂದು ತುಪ್ಪದ ದೀಪ ಇಡುತ್ತಾರೆ. ಕಟ್ಟೆಯ ಹಿಂದಿನ ಬಿಳಿ ಟೈಲ್ಸಿನ ಮೇಲೆ ವೀಳ್ಯದೆಲೆಯ ಆಕಾರದ ಮಸಿ. ಬೆರಳಿಟ್ಟೆ. ಒಣಗಿದ ಮಸಿಯಾದರೆ ಹುಡಿಯಾಗಿ ಉದುರಬೇಕು, ಇದು ಎಣ್ಣೆ ಬೆರೆಸಿದ ಕಾಡಿಗೆಯ ಹಾಗೆ ಅಂಟಿತು. ಕಲ್ಲಿನ ಮೇಲೆ ಒಂದು ತುಪ್ಪದ ಹನಿ. ಉಗುರಿನಿಂದ ಒತ್ತಿದರೆ ಮೆತ್ತಗೆ ಜಾರಿತು. ಸುತ್ತಲಿನ ಕಪಾಟುಗಳ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು. ಆ ಕಟ್ಟೆಯೊಂದು ಮಾತ್ರ ತೊಳೆದಿಟ್ಟ ತಟ್ಟೆ.

ನನ್ನ ಎದೆ ಡೋಲು ಬಾರಿಸತೊಡಗಿತು. ಹೆದರಿಕೆಯಿಂದ ಎಂದುಕೊಳ್ಳಬೇಡಿ, ಸಂತೋಷದಿಂದ! ಸುಳಿವು ಸಿಕ್ಕಾಗ ಐತಾಳನಿಗೆ ಆಗುವ ಸಂತೋಷ ಲಾಟರಿ ಹೊಡೆದವನಿಗೂ ಆಗಲಾರದು.

“ಮನಸ್ವಿನಿ,” ಎಂದು ಪಿಸುಗುಟ್ಟಿದೆ, “ಆ ಇಬ್ಬರು ಓಡಿದ್ದು ಯಾಕೆಂದು ಗೊತ್ತಾಯಿತು! ಒಬ್ಬ ವಿಜ್ಞಾನಿ, ಇನ್ನೊಬ್ಬ ಬ್ಯಾಂಕ್ ಮ್ಯಾನೇಜರು. ಕರಾರಿಗೆ ಮುಂಚಿನ ಸಂಜೆ ಇನ್ನೊಮ್ಮೆ ಮನೆ ನೋಡಿ ಕಣ್ತುಂಬಿಕೊಳ್ಳೋಣ ಎಂದು ಕೆಳಗೆ ನಿಂತು ತಲೆ ಎತ್ತಿದ್ದಾರೆ. ಬೀಗ ಹಾಕಿದ ಮನೆಯ ಕಿಟಕಿಯಲ್ಲಿ ದೀಪ ಉರಿಯುತ್ತಾ ಉಂಟು! ದೆವ್ವ ಅಂತ ಕಾಲು ಕಿತ್ತಿದ್ದಾರೆ. ಓದಿದವರು, ದೆವ್ವಕ್ಕೆ ಹೆದರಿದೆವು ಅಂತ ಹೇಳುವುದು ಹೇಗೆ?”

ಅವಳು ಪಕ್ಕನೆ ನಕ್ಕಳು. ಮರುಕ್ಷಣ ನಗು ನಿಂತಿತು.

“ಅಂಕಲ್... ದೆವ್ವ ಅಲ್ಲದಿದ್ರೆ, ದೀಪ ಹಚ್ಚಿದ್ದು ಯಾರು?”

“ಅದನ್ನೇ ಈಗ ಕೇಳುವ.”

“ಬೇಡ ಅಂಕಲ್, ಪ್ಲೀಸ್!” ಅವಳು ನನ್ನ ತೋಳು ಹಿಡಿದಳು. “ಹನ್ನೊಂದು ಮನೆ ನೋಡಾಯ್ತು. ಒಂದ್ಕಡೆ ನೀರಿಲ್ಲ, ಒಂದ್ಕಡೆ ಗಾಳಿಯಿಲ್ಲ, ಒಂದ್ಕಡೆ ಸೌತ್ ಇಂಡಿಯನ್ಸ್ ಬೇಡ ಅಂದ್ರು. ಇದು ನನ್ ಮನೆ. ಒಳಗೆ ಕಾಲಿಟ್ಟಾಗ್ಲೇ ಗೊತ್ತಾಯ್ತು. ಯಾರಾದ್ರೂ ದೀಪ ಹಚ್ಚಿದ್ರೆ ಹಚ್ಚಲಿ. ಹಾಳು ಮಾಡ್ಬೇಡಿ.”

“ಕೂಸೇ,” ಎಂದಳು ಸಾವಿತ್ರಿ ಮೆಲ್ಲಗೆ, “ಇವರು ಮಾತಾಡುದರಲ್ಲಿ ಮುಕ್ಕಾಲು ಬುರುಡೆ. ಆದ್ರೆ ಕಾಲು ಪಾಲಾದ್ರೂ ಕೇಳ್ಬೇಕು. ಸಹಿ ನಿಂದು.”

ಇದನ್ನು ನಾನು ಹೊಗಳಿಕೆ ಎಂದೇ ತೆಗೆದುಕೊಂಡೆ.

ರಾಯರು ಹಾಲ್‌ನಲ್ಲಿ ಚಪ್ಪಲಿ ಮೆಟ್ಟುತ್ತಿದ್ದರು. ನಾನು ಎದುರಿಗೆ ಹೋಗಿ ಎದೆಯುಬ್ಬಿಸಿ ನಿಂತೆ.

“ರಾಯರೇ, ನೀವು ಹೋದ ಮೇಲೆ ಈ ಮನೆಗೆ ಯಾರಾದರೂ ಬರುತ್ತಾರೆಯೇ?”

“ಒಂದು ನೊಣವೂ ಇಲ್ಲ. ಎರಡು ವರ್ಷದಿಂದ ಬೀಗ. ಕೀಲಿ ನನ್ನ ಹತ್ತಿರ ಬಿಟ್ಟರೆ ಬೇರೆಯವರ ಹತ್ತಿರ ಇಲ್ಲ.”

“ಹಾಗಾದರೆ ಪಾಣಿಯಾರಿನ ದೀಪ?”

ಅವರ ಒಂದು ಹುಬ್ಬು ಕೊಂಚ ಏರಿ ಇಳಿಯಿತು. ಅಷ್ಟೇ. ಇನ್ನೊಬ್ಬನಾದರೆ ಗಮನಿಸುತ್ತಿರಲಿಲ್ಲ.

“ಓ, ಅದಾ! ನಮ್ಮ ತಾಯಿಯವರು ಹಚ್ಚುತ್ತಿದ್ದರು. ಊರಿಗೆ ತಕ್ಕ ಆಚಾರ ಅಲ್ಲವೇ. ಆ ಮಸಿ ಹಾಗೇ ಉಳಿದಿದೆ, ಒರೆಸಲು ಮನಸ್ಸಾಗಲಿಲ್ಲ.” ದನಿ ಕೂಡ ತಕ್ಕಷ್ಟೇ ಒದ್ದೆಯಾಯಿತು.

“ಪಾಪ. ತುಪ್ಪವೂ ಹಾಗೇ ಉಳಿದಿದೆ. ಎರಡು ವರ್ಷವಾದರೂ ಧೂಳು ಹಿಡಿದಿಲ್ಲ, ಇರುವೆ ಮುತ್ತಿಲ್ಲ. ಎಂಥ ಮಹಾತಾಯಿ!”

“ಐತಾಳರೇ, ಕೆಲಸದವಳು ಯಾವತ್ತಾದರೂ ಗುಡಿಸಲು ಬಂದಾಗ...”

“ಕೀಲಿಯಿಲ್ಲದೆ? ಕಿಟಕಿಯಿಂದ ಹಾರಿ ಬಂದಳೋ?”

ರಾಯರು ನಕ್ಕರು. ನಗೆಯಲ್ಲಿ ಜೇನು ಕಡಿಮೆಯಾಗಿತ್ತು. “ನೀವು ಹೋಟೆಲಿನವರು, ದೋಸೆ ಚೆನ್ನಾಗಿ ಹಾಕ್ತೀರಿ. ಮನೆ ವ್ಯವಹಾರ ನಮಗೆ ಬಿಡಿ. ನೋಡಮ್ಮ ಮನಸ್ವಿನಿ, ಕಾಗದಪತ್ರ ವಕೀಲರ ಹತ್ತಿರ ಇದೆ. ಸೂರತ್‌ನ ಇನ್ನೊಂದು ಪಾರ್ಟಿ ನಾಳೆ ಬೆಳಿಗ್ಗೆಯೇ ಬರೋದಕ್ಕೆ ಸಿದ್ಧ. ನಮ್ಮ ಭಾಷೆಯ ಹುಡುಗಿ ಅಂತ ನಿನಗೋಸ್ಕರ ಅವರನ್ನು ತಡೆದಿದ್ದೇನೆ. ನಂಬಿಕೆ ಇಲ್ಲ ಅಂದರೆ ಹೇಳು, ಈಗಲೇ ಫೋನ್ ಮಾಡ್ತೀನಿ.”

ಅವರು ಮೊಬೈಲ್ ತೆಗೆದೇಬಿಟ್ಟರು. ಮನಸ್ವಿನಿ ಕೊಂಡಿಗಳನ್ನು ನೋಡಿದಳು, ಬೇವಿನ ಮರವನ್ನು ನೋಡಿದಳು, ನನ್ನನ್ನು ನೋಡಿದಳು.

“ಇಲ್ಲ ಸರ್... ನಂಬಿಕೆ ಇದೆ. ಹೊರಡೋಣ.”

ಹುಡುಗಿ ಚಪ್ಪಲಿಗೆ ಕಾಲು ತೂರಿಸಿದಳು. ಕೇಸು ನನ್ನ ಕೈಯಿಂದ ಲಿಫ್ಟ್ ಹತ್ತಲು ಹೊರಟಿತ್ತು.

ಇಂಥ ಹೊತ್ತಿನಲ್ಲೇ ನನ್ನ ಮಿದುಳು ಮಿಂಚಿನ ಜೊತೆ ಪಂದ್ಯ ಕಟ್ಟುವುದು. “ನನ್ನ ಕುಕ್ಕರು!” ಎಂದು ಅಡುಗೆಮನೆಗೆ ಓಡಿದೆ. ನಲ್ಲಿಯ ತಲೆಗೆ ಎರಡೂ ಕೈ ಹಾಕಿದೆ. ಹೋಟೆಲಿನ ನಲ್ಲಿಗಳನ್ನು ಬಿಚ್ಚಿ ವಾಷರ್ ಹಾಕಿ ಹಾಕಿ ಇಕ್ಕಳವಾಗಿರುವ ಬೆರಳುಗಳಿವು. ಒಂದು ತಿರುವು, ಎರಡು ತಿರುವು, ಹಿತ್ತಾಳೆಯ ತಲೆ ಪೂರ್ತಿ ಕಳಚಿ ಕೈಗೆ ಬಂತು.

ಭುಸ್ಸೆಂದು ನೀರು ಎದ್ದಿತು! ನರ್ಮದೆಯೇ ಅಣೆಕಟ್ಟು ಒಡೆದುಕೊಂಡು ನಾಲ್ಕನೇ ಮಹಡಿಗೆ ಬಂದಳೋ ಎನ್ನುವ ಹಾಗೆ. ಮೇಲ್ಛಾವಣಿಗೆ ಬಡಿದು, ಗೋಡೆಗೆ ಚಿಮ್ಮಿ, ನನ್ನ ಧೋತರ ತೋಯಿಸಿ, ಹಾಲ್‌ನ ಕಡೆಗೆ ಹರಿಯಿತು.

“ಅಯ್ಯೋ ಅಯ್ಯೋ! ನಲ್ಲಿ ಕಿತ್ತುಬಂತು! ರಾಯರೇ, ಮೇನ್ ವಾಲ್ವ್ ಮುಚ್ಚಿ, ಬೇಗ!”

ರಾಯರು ಧಾವಿಸಿ ಬಂದರು. ಸಿಂಕಿನ ಕೆಳಗೆ ಬಗ್ಗಿದರು. ಅಲ್ಲಿಲ್ಲ.

“ಮುಚ್ಚಿ ರಾಯರೇ, ಕೆಳಗಿನ ಮನೆಯವರು ದೊಣ್ಣೆ ಹಿಡಿದು ಬರುತ್ತಾರೆ!”

ಬಚ್ಚಲಿಗೆ ಓಡಿದರು. ಅಲ್ಲಿ ಇದ್ದಬದ್ದ ಹಿಡಿಗಳನ್ನೆಲ್ಲ ತಿರುಗಿಸಿದರು. ಮೇಲಿನ ಶವರ್ ಹೊಯ್ದು ರೇಷ್ಮೆಯ ಜುಬ್ಬಾ ಮೈಗಂಟಿತು. ಅತ್ತರಿನ ಹತ್ತಿ ತೇಲಿಹೋಯಿತು. ಬಾಲ್ಕನಿಗೆ ಓಡಿದರು, ಮಲಗುವ ಕೋಣೆಗೆ ಓಡಿದರು, ಎಲೆಕ್ಟ್ರಿಕ್ ಮೀಟರಿನ ಪೆಟ್ಟಿಗೆಯನ್ನು ತೆರೆದರು!

“ಮಾರಾಯ್ರೇ, ಅದರಲ್ಲಿ ಕರೆಂಟ್ ಬರ್ತದೆ, ನೀರಲ್ಲ!” ಎಂದು ಸಾವಿತ್ರಿ ಕಿರುಚಿದಳು.

ನಾನು ನೀರಿನ ಮಧ್ಯೆ ಗಂಗಾಧರನ ಹಾಗೆ ನಿಂತು ಬೆರಳೆತ್ತಿದೆ.

“ನೋಡು ಮನಸ್ವಿನಿ! ಆರು ವರ್ಷ ಈ ಮನೆಯಲ್ಲಿ ಬಾಳಿದವರು! ಟ್ಯಾಂಕ್ ತೊಳೆಯುವಾಗ, ನಲ್ಲಿ ಸೋರಿದಾಗ, ಊರಿಗೆ ಹೊರಟಾಗ ಎಷ್ಟು ಸಲ ವಾಲ್ವ್ ಮುಚ್ಚಿರಬೇಕು! ಹೆಂಡತಿಯ ಹುಟ್ಟಿದ ದಿನ ಮರೆಯುವ ಗಂಡಸೂ ತನ್ನ ಮನೆಯ ವಾಲ್ವ್ ಮರೆಯುವುದಿಲ್ಲ. ಈ ಮಹಾನುಭಾವರು ಇಲ್ಲಿ ಒಂದು ದಿನ ಸ್ನಾನ ಮಾಡಿದವರಲ್ಲ. ಇವರು ಈ ಮನೆಯವರೇ ಅಲ್ಲ!”

ಮನಸ್ವಿನಿ ಗೋಡೆಗೆ ಒರಗಿದಳು. ಒದ್ದೆ ಮುಖದಲ್ಲಿ ಯಾವುದು ನೀರು, ಯಾವುದು ಕಣ್ಣೀರು ಎಂದು ನನ್ನಂಥವನಿಗೂ ತಿಳಿಯಲಿಲ್ಲ. ಆದರೆ ಅವಳು ಮಾತಾಡಿದಾಗ ದನಿ ನಡುಗಲಿಲ್ಲ.

“ಸರ್, ವಾಲ್ವ್ ಎಲ್ಲಿದೆ?”

ರಾಯರು ಮತ್ತೆ ಸಿಂಕಿನ ಕೆಳಗೆ ಇಣುಕಿದರು.

“ನಿಮ್ ಮನೆ ಅಲ್ವಾ ಸರ್? ಎಲ್ಲಿದೆ ಹೇಳಿ.”

ಇಲ್ಲೊಂದು ಚಿಕ್ಕ ತೊಡಕು ಎದುರಾಯಿತು. ವಾಲ್ವ್ ಎಲ್ಲಿದೆ ಎಂದು ನನಗೂ ಗೊತ್ತಿರಲಿಲ್ಲ. ಗೆಲುವಿನ ಭಾಷಣ ಮುಗಿದಿತ್ತು, ನೀರು ಮಾತ್ರ ಮುಗಿದಿರಲಿಲ್ಲ. ನಲ್ಲಿಯ ತಲೆಯನ್ನು ಮತ್ತೆ ಕೂರಿಸಹೋದರೆ ನೀರಿನ ಒತ್ತಡ ಅದನ್ನು ಉಗಿಯುತ್ತಿತ್ತು. ಮಹಾಪುರುಷರ ಯೋಜನೆಗಳಲ್ಲಿ ಇಂಥ ಸಣ್ಣಪುಟ್ಟ ವಿವರ ಬಿಟ್ಟುಹೋಗುವುದುಂಟು.

“ಈಗ ಯಾರು ಮುಚ್ಚುದು? ನಿಮ್ಮ ಮೂಗಾ?” ಎಂದಳು ಸಾವಿತ್ರಿ.

ಅಷ್ಟರಲ್ಲಿ ಮುಂಬಾಗಿಲಿನ ಬೀಗದಲ್ಲಿ ಕೀಲಿ ತಿರುಗಿದ ಸದ್ದಾಯಿತು.

ಯಾರ ಹತ್ತಿರವೂ ಇಲ್ಲದ ಆ ಇನ್ನೊಂದು ಕೀಲಿ!

ಬಾಗಿಲು ತೆರೆದು ಒಬ್ಬ ಮುದುಕಿ ಒಳಗೆ ಬಂದಳು. ಗುಜರಾತಿ ಪದ್ಧತಿಯಲ್ಲಿ ಬಲಭುಜದ ಮೇಲೆ ತಂದ ಸೆರಗು, ಕೈಯಲ್ಲಿ ಪುಟ್ಟ ಬೆಳ್ಳಿಯ ಬಟ್ಟಲು, ಅದರಲ್ಲಿ ತುಪ್ಪದಲ್ಲಿ ನೆನೆದ ಬತ್ತಿ. ಆಕೆ ಒದ್ದೆಯಾದ ನಮ್ಮ ನಾಲ್ವರನ್ನೂ ಒಂದು ಸಲ ನೋಡಿದಳು. ಕಾಲಬುಡದಲ್ಲಿ ಹರಿಯುವ ನೀರನ್ನು ನೋಡಿದಳು. ಬಟ್ಟಲನ್ನು ಜೋಪಾನವಾಗಿ ಪಾಣಿಯಾರಿನ ಮೇಲಿಟ್ಟು, ಅಡುಗೆಮನೆಯ ಹಿಂದಿನ ಪಾತ್ರೆ ತೊಳೆಯುವ ಜಾಗಕ್ಕೆ ನಡೆದು, ಗೋಡೆಗೆ ಒರಗಿಸಿದ್ದ ತಗಡನ್ನು ಪಕ್ಕಕ್ಕೆ ಸರಿಸಿದಳು. ಕೈ ಹಾಕಿ ತಿರುಗಿಸಿದಳು.

ನೀರು ನಿಂತಿತು.

ನಾನು ಚಪ್ಪಾಳೆ ತಟ್ಟಿದೆ! ತಡೆಯಲಾಗಲಿಲ್ಲ. ಇದಕ್ಕಿಂತ ದೊಡ್ಡ ಸಾಕ್ಷಿ ಯಾವ ನ್ಯಾಯಾಲಯಕ್ಕೆ ಬೇಕು?

“ಬಾ,” ಎಂದೆ. ಇಲ್ಲಿ ಹಿರಿಯ ಹೆಂಗಸರನ್ನು ಕರೆಯುವುದೇ ಹಾಗೆ. ಗುಜರಾತಿಯಲ್ಲಿ ಕೇಳಿದೆ, “ಈ ಮನೆ ಯಾರದು?”

“ನನ್ನದು. ಇನ್ಯಾರದು?” ಆಕೆ ಸೆರಗಿನಿಂದ ಕೈ ಒರೆಸಿಕೊಂಡಳು. ಹೆಸರು ಹಂಸಾಬೆನ್. ಎದುರಿನ ಸೊಸೈಟಿಯಲ್ಲಿ ಮಗಳ ಮನೆಯಲ್ಲಿದ್ದಾಳೆ. ಗಂಡ ಕಣ್ಣು ಮುಚ್ಚಿದ್ದು ಈ ಮನೆಯಲ್ಲಿ, ಆದ್ದರಿಂದ ಸಂಜೆ ಬಂದು ದೀಪ ಇಟ್ಟು ಹೋಗುತ್ತಾಳೆ. “ಮಾರುತ್ತೇನೆ ಎಂದು ನಾನು ಯಾರಿಗೂ ಹೇಳಿಲ್ಲ. ಈ ಮನುಷ್ಯ ಯಾರು? ಬೀಗದ ಮನೆಗೆ ನೀವೆಲ್ಲ ಬಂದದ್ದು ಹೇಗೆ?”

ನಾನು ರಾಯರ ಕಡೆ ತಿರುಗಿದೆ. ಈಗ ಆತ ಕಾಲಿಗೆ ಬೀಳಬೇಕು, ಇಲ್ಲವೇ ಓಡಬೇಕು. ಎರಡಕ್ಕೂ ನಾನು ಸಿದ್ಧನಿದ್ದೆ. ಆದರೆ ಆತ ಜುಬ್ಬಾದ ತುದಿ ಹಿಂಡಿಕೊಳ್ಳುತ್ತ ನಿಂತಿದ್ದ. ಮುಖದಲ್ಲಿ ಹೆದರಿಕೆಯಿರಲಿಲ್ಲ. ನಮ್ಮಲ್ಲೇ ಒಬ್ಬರು ಬಾಯಿ ತೆರೆಯಲಿ ಎಂದು ಕಾಯುವವನ ತಾಳ್ಮೆಯಿತ್ತು.

ಆತನ ಬೆರಳಿನಲ್ಲಿ ತೂಗುತ್ತಿದ್ದ ಕೀಲಿಯ ಮೇಲೆ ಹಂಸಾಬೆನ್ನಳ ಕಣ್ಣು ಬಿತ್ತು. ಹತ್ತಿರ ಹೋಗಿ ನೋಡಿದಳು. ಆಮೇಲೆ ನಿಧಾನವಾಗಿ ತಿರುಗಿದ್ದು ಆತನ ಕಡೆಗಲ್ಲ, ನನ್ನ ಕಡೆಗೂ ಅಲ್ಲ.

“ಸಾವಿತ್ರಿಬೆನ್,” ಎಂದಳು, “ಆ ಚಾವೀ ತೋ ಮೇಂ ತಮನೇ ಆಪೀ ಹತೀ ನೇ?”

ಈ ಕೀಲಿ ನಿಮಗಲ್ಲವೇ ನಾನು ಕೊಟ್ಟಿದ್ದು?

ಮಂಜಲ್‌ಪುರದ ಅಷ್ಟೂ ಒಗ್ಗರಣೆಯನ್ನು ಬೇರೆ ಬೇರೆಯಾಗಿ ಮೂಸಬಲ್ಲ ನನ್ನ ಮೂಗಿಗೆ ಆ ಕ್ಷಣ ಏನೂ ತಿಳಿಯಲಿಲ್ಲ. ಸಾವಿತ್ರಿ ಕಟ್ಟೆಯ ಅಂಚು ಹಿಡಿದು ನಿಂತಿದ್ದಳು. ಮೂವತ್ತು ವರ್ಷದ ಸಂಸಾರದಲ್ಲಿ ನನ್ನ ಒಂದು ಬುರುಡೆಯನ್ನೂ ಬಿಡದೆ ತಿದ್ದಿದವಳು ಈಗ ನೆಲದ ನೀರನ್ನು ನೋಡುತ್ತಿದ್ದಳು.

“ಹೌದು,” ಎಂದಳು ಕಡೆಗೆ, ಕನ್ನಡದಲ್ಲಿ. “ಹಂಸಾಬೆನ್ ನಂಗೆ ಭಜನೆಯಲ್ಲಿ ಪರಿಚಯ, ದ್ವಾರಕೆಗೆ ಹೋದಾಗ ದೀಪ ಇಡ್ಲಿಕ್ಕೆ ಅಂತ ಒಂದು ಕೀಲಿ ನನ್ನ ಹತ್ರ ಕೊಟ್ಟಿದ್ರು. ಈ ರಾಯರು ತೋರಿಸುವ ಮನೆ ಇದೇ ಅಂತ ಇವತ್ತು ಬಾಗಿಲಿಗೆ ಬರುವವರೆಗೆ ನಂಗೆ ಗೊತ್ತಿರ್ಲಿಲ್ಲ. ಬಂದ ಮೇಲೆ... ಹಂಸಾಬೆನ್ನೇ ಮಾರ‍್ತಾ ಇರ್ಬೇಕು ಅಂತ ನನಗೆ ನಾನೇ ಹೇಳಿಕೊಂಡೆ. ಕೀಲಿ ಬಿಟ್ಟುಕೊಟ್ಟದ್ದು ನಾನಲ್ವಾ, ಬಾಯಿ ಬರ್ಲಿಲ್ಲ.”

“ಅವರು ವಾಪಸ್ ಬಂದ ಮೇಲೆ ಕೀಲಿ ಕೊಡ್ಲಿಲ್ವಾ ಆಂಟಿ?” ಎಂದಳು ಮನಸ್ವಿನಿ.

“ಕೊಡ್ಲಿಕ್ಕೆ ನನ್ನ ಹತ್ರ ಇರ್ಲಿಲ್ಲ. ಬೇರೆಯವರಿಗೆ ಕೊಟ್ಟಿದ್ದೆ.”

“ಸಾವಿತ್ರೀ!” ನನ್ನ ದನಿ ನನಗೇ ಪರಕೀಯವಾಗಿ ಕೇಳಿಸಿತು. “ಈ ಮನುಷ್ಯನಿಗಾ?”

“ಈ ಮನುಷ್ಯನನ್ನು ನಾನು ಕಂಡದ್ದೇ ನಮ್ಮ ಹೋಟೆಲಿನಲ್ಲಿ, ನೀವು ದೋಸೆ ಕೊಟ್ಟ ದಿನ.” ಅವಳು ನನ್ನನ್ನು ದಾಟಿ, ಗೋಡೆಗೆ ಒರಗಿದ್ದ ಹುಡುಗಿಯನ್ನು ನೋಡಿದಳು. “ನಾನು ಇಲ್ಲಿ ದೀಪ ಇಡುದನ್ನು ನೋಡಿ ಬಂದು ಕೇಳಿದವನು ಬೇರೆ. ಮನೆ ಒಮ್ಮೆ ನೋಡಿ ಕೀಲಿ ವಾಪಸ್ ಕೊಡ್ತೇನೆ, ಯಾರಿಗೂ ಹೇಳ್ಬೇಡಿ, ಹೆಂಡತಿಗೆ ಆಶ್ಚರ್ಯ ಮಾಡ್ಬೇಕು ಅಂದ. ನಮ್ಮ ಹುಡುಗ ಅಲ್ವಾ ಅಂತ ಕೊಟ್ಟೆ.”

“ಯಾವ ಹುಡುಗ ಆಂಟಿ?”

“ನಿನ್ನ ಗಂಡ.”